ನಾನಿಲ್ಲದ ಗುಂಪು

ನಮ್ಮದು ಮಕ್ಕಳ ಚಪ್ಪಲಿ ಮಾಡುವ ಸಣ್ಣ ಕಂಪನಿ. ಆಫೀಸಿನಲ್ಲಿರುವುದು ಐದೇ ಜನ, ಮಾತುಕತೆಯೆಲ್ಲ ಕಂಪ್ಯೂಟರಿನ ಚಾಟಿನಲ್ಲಿ. ಮೊದಲು ಇದ್ದದ್ದು ಒಂದೇ ಗುಂಪು. ಅದರಲ್ಲಿ ಹೊರಗಿನವರೆಂದರೆ ನಮಗೆ ರಟ್ಟಿನ ಡಬ್ಬ ಮಾಡಿಕೊಡುವ ಡಬ್ಬದಣ್ಣ ಒಬ್ಬರೇ.

ಅವರ ಡಬ್ಬಕ್ಕೆ ಮುಚ್ಚಳ ಸರಿಯಾಗಿ ಕೂರುವುದಿಲ್ಲ ಎಂದು ಅವರೆದುರೇ ಬೈಯಲಾದೀತೇ? ಅವರನ್ನು ಬಿಟ್ಟು ನಾನೇ ಎರಡನೇ ಗುಂಪು ಮಾಡಿದೆ. ಅದರಲ್ಲಿ ಮ್ಯಾನೇಜರ್ ಇದ್ದರು. ಅವರನ್ನು ಆಡಿಕೊಳ್ಳಲು ಮೂರನೆಯದು ಬೇಕಾಯಿತು. ಚಪ್ಪಲಿಗೆ ಚಿತ್ರ ಬರೆಯುವ ಹುಡುಗಿ ಮ್ಯಾನೇಜರ್ ಕಿವಿ ಊದುತ್ತಾಳೆಂಬ ಗುಮಾನಿಯಿಂದ ನಾಲ್ಕನೆಯದು. ಯಾವ ಮಾತು ಎಲ್ಲಿ ಆಡಬಾರದು ಎಂದು ಚೀಟಿ ಬರೆದು ಕೀಬೋರ್ಡಿನ ಕೆಳಗೆ ಇಟ್ಟುಕೊಂಡಿದ್ದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ಮೊನ್ನೆ ಎಲ್ಲರೂ ಇರುವ ಮೊದಲ ಗುಂಪಿನಲ್ಲಿ ಡಬ್ಬದಣ್ಣ ಬರೆದರು: "ಡಬ್ಬದ ಹೊಸ ಅಳತೆ ಯಾರೂ ಹೇಳ್ಲೇ ಇಲ್ವಲ್ಲ. ಹೋಗ್ಲಿ ಬಿಡಿ, ಅಕ್ಕ ಇಲ್ದಿರೋ ಗುಂಪಲ್ಲೇ ಕೇಳ್ತೀನಿ."

ಎಲ್ಲರೂ ಅಕ್ಕ ಎನ್ನುವುದು ನನ್ನೊಬ್ಬಳನ್ನೇ. ತಲೆಯೆತ್ತಿ ನೋಡಿದೆ. ನಾಲ್ಕೂ ಜನ ಪರದೆಗೆ ಮೂಗು ತಾಗಿಸಿಕೊಂಡು ಕೂತಿದ್ದರು.

ಮೈಯೆಲ್ಲ ಉರಿದುಹೋಯಿತು. ಡಬ್ಬದಣ್ಣನಿಗೇ ಫೋನ್ ಮಾಡಿದೆ. "ಅಲ್ಲಿ ನನ್ನ ಬಗ್ಗೆ ಏನೇನು ಆಡ್ಕೋತೀರಿ? ಹೇಳಿ, ನಾನೂ ಒಂಚೂರು ಕೇಳ್ತೀನಿ!"

"ಅಯ್ಯೋ, ನಿಮ್ಮ ಸುದ್ದಿ ಎತ್ತೋಕೆ ಯಾರಿಗಕ್ಕಾ ಪುರುಸೊತ್ತು?" ಎಂದರು ಆ ಪುಣ್ಯಾತ್ಮ. "ಅಲ್ಲಿ ಬರೀ ಕೆಲಸ ನಡೆಯುತ್ತೆ."