ಬಾಗಿಲಣ್ಣನವರ ಹೊಸ ಶೈಲಿ

ನಮ್ಮ ಮನೆಯವರನ್ನು ಊರಿನವರೆಲ್ಲ ಬಾಗಿಲಣ್ಣ ಎಂದೇ ಕರೆಯುವುದು. ಗೊತ್ತಿಲ್ಲದವರು ಕೇಳಿದರೆ ಬಡಗಿಯೋ ಕಾವಲುಗಾರರೋ ಅಂದುಕೊಳ್ಳಬೇಕು. ಅಲ್ಲ, ಇವರು ಚಿತ್ರಕಾರರು. ಬರೆಯುವುದು ಬಾಗಿಲನ್ನು, ಬಾಗಿಲನ್ನು ಮಾತ್ರ. ಹಳೆಯ ಮರದ ಬಾಗಿಲು, ಅಲ್ಲಲ್ಲಿ ಬಣ್ಣ ಕಿತ್ತದ್ದು, ತುಕ್ಕು ಹಿಡಿದ ಚಿಲಕ, ಪಕ್ಕದಲ್ಲಿ ಒಂದು ಹೂವಿನ ಕುಂಡ. ನೀಲಿ ಬಾಗಿಲು, ಹಸಿರು ಬಾಗಿಲು, ಗಿರಾಕಿ ಕೇಳಿದರೆ ಸೋಫಾಕ್ಕೆ ಹೊಂದುವ ಬಾಗಿಲು. ಎಲ್ಲವೂ ಮುಚ್ಚಿದವೇ. ತೆರೆದರೆ ಒಳಗೇನಿದೆ ಅಂತಲೂ ಬರೆಯಬೇಕಾಗುತ್ತದೆ, ಆ ರಗಳೆ ಯಾರಿಗೆ ಬೇಕು ಅನ್ನುವುದು ಇವರ ವಾದ. ವಕೀಲರ ಕಚೇರಿಗಳಲ್ಲಿ, ಹೋಟೆಲಿನ ಮೆಟ್ಟಿಲುಗಳ ತಿರುವಿನಲ್ಲಿ, ಹಲ್ಲಿನ ಡಾಕ್ಟರ ಹತ್ತಿರ ಕಾಯುವ ಕೋಣೆಯಲ್ಲಿ ಇವರ ಬಾಗಿಲುಗಳು ನೇತಾಡುತ್ತಿವೆ. ಹಲ್ಲುನೋವಿನವರಿಗೆ ಮುಚ್ಚಿದ ಬಾಗಿಲು ನೋಡುತ್ತ ಕೂರುವುದರಲ್ಲಿ ಏನು ಸಮಾಧಾನವೋ ನನಗಂತೂ ಗೊತ್ತಿಲ್ಲ.

ಹೀಗೆ ಬಾಗಿಲು ಹಾಕಿಕೊಂಡು ಸುಖವಾಗಿದ್ದ ಮನುಷ್ಯನಿಗೆ ಅರವತ್ತು ದಾಟಿದ ಮೇಲೆ ಬೆಳೆಯುವ ಹುಚ್ಚು ಹತ್ತಿತು. ತಮಗಿಂತ ವಯಸ್ಸಾದ ಯಾರೋ ಒಬ್ಬರು ಕ್ಯಾನ್ವಾಸನ್ನು ನೆಲಕ್ಕೆ ಹಾಸಿ ಬಕೆಟ್ಟುಗಟ್ಟಲೆ ಬಣ್ಣ ಸುರಿಯುವುದನ್ನು ಮೊಬೈಲಿನಲ್ಲಿ ನೋಡಿದರು. ನೋಡಿ ಸುಮ್ಮನಿರಬಹುದಿತ್ತು. ಮಾರನೆಯ ದಿನ ಕಾಫಿ ಲೋಟ ಹಿಡಿದುಕೊಂಡು ಅಡುಗೆಮನೆಗೆ ಬಂದು ನಿಂತರು.

"ನಾನು ಕಲಾವಿದನಾಗಿ ಬೆಳೀಬೇಕು ಕಣೇ. ಬಾಗಿಲು ಸಾಕು ಇನ್ನು."

ಇಷ್ಟು ವರ್ಷ ಬೆಳೆದದ್ದು ಹೊಟ್ಟೆ ಮಾತ್ರ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬೆಳಗಿನ ಹೊತ್ತು ಯಾಕೆ ಅಂತ ನುಂಗಿಕೊಂಡೆ.

ಬೆಳೆಯುವುದಕ್ಕೆ ಇವರು ಮೊದಲು ಒಂದು ಶಿಬಿರಕ್ಕೆ ಸೇರಿದರು. ಅಲ್ಲಿ ಕಲಿಸುವವಳು ನಮ್ಮ ಮಗಳಿಗಿಂತ ಚಿಕ್ಕವಳು. ಬ್ರಷ್ಷನ್ನು ಎಡಗೈಯಲ್ಲಿ ಹಿಡೀರಿ, ಕಣ್ಣು ಮುಚ್ಚಿ, ಒಳಗಿರೋದು ಹೊರಗೆ ಬರಲಿ ಅಂದಳಂತೆ. ಬಂತು. ಹಜಾರದ ಗೋಡೆಗೆ ಬಂತು, ಕುರ್ಚಿಗೆ ಬಂತು, ಒಗೆದು ಮಡಿಸಿಟ್ಟ ಬಟ್ಟೆಗಳಿಗೂ ಬಂತು. ಸ್ಪಂಜು, ಹಳೆಯ ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷು ಎಲ್ಲದರಲ್ಲೂ ಪ್ರಯೋಗ ನಡೆಯಿತು. ನನ್ನ ಅಡುಗೆಮನೆಯ ಜರಡಿ ಮತ್ತು ಎರಡು ಸೌಟುಗಳು ಕಲಾಸೇವೆಗೆಂದು ಹೋದವು ವಾಪಸು ಬರಲಿಲ್ಲ.

ಅತ್ತ ಫ್ರೇಮ್ ಅಂಗಡಿಯವರು ಬಿಡಬೇಕಲ್ಲ. ಇವರ ಚಿತ್ರಗಳಿಗೆ ಚೌಕಟ್ಟು ಹಾಕಿ ಮಾರುವವರು ಅವರೇ. ಒಪ್ಪಿಕೊಂಡ ಬಾಗಿಲುಗಳು ಎಲ್ಲಿ ಎಂದು ದಿನಾ ಫೋನು. ಇವರು ಒಂದು ದಿನ ರೋಸಿಹೋಗಿ ಬ್ರಷ್ಷನ್ನು ನನ್ನ ಕೈಗಿಟ್ಟರು. ಕ್ಯಾನ್ವಾಸಿಗೆ ಹಳದಿಯ ಮೊದಲ ಕೋಟು ಬಳಿದು ಒಣಗಿಸುವುದು ಮೊದಲಿಂದಲೂ ನನ್ನ ಪಾಲಿನ ಕೆಲಸವೇ ಆಗಿತ್ತು. ಇನ್ನು ಮುಂದೆ ಅದರ ಮೇಲಿನದ್ದನ್ನೂ ಬಳಿ, ಬಾಗಿಲಿಗೆ ಬಣ್ಣ ಬಳಿಯುವುದೇನು ಮಹಾ, ಇಷ್ಟು ವರ್ಷ ನೋಡಿದ್ದೀಯಲ್ಲ, ಕೊನೆಯಲ್ಲಿ ನಾನೊಂದು ಕೈ ಆಡಿಸಿ ಸಹಿ ಹಾಕುತ್ತೇನೆ ಅಂದರು. ಕೆಲವೇ ವಾರಗಳಲ್ಲಿ ಕೈ ಆಡಿಸುವುದು ನಿಂತಿತು. ಸಹಿ ಉಳಿಯಿತು.

ನಾನು ಇವರ ಹಳೆಯ ಬಾಗಿಲೊಂದನ್ನು ಎದುರಿಗಿಟ್ಟುಕೊಂಡು ಹಾಗೆಯೇ ನಕಲು ಮಾಡುತ್ತಿದ್ದೆ. ಅದರಲ್ಲೇನೂ ಖುಷಿಯಿರಲಿಲ್ಲ; ಪಾತ್ರೆ ತೊಳೆದಷ್ಟೇ ನಿಯತ್ತಿನಿಂದ ಮಾಡಿದೆ. ಒಂದು ಮಧ್ಯಾಹ್ನ ನೀಲಿ ಬಾಗಿಲಿನ ಅಂಚಿನಲ್ಲಿ ಬಣ್ಣ ದಪ್ಪಗಾಯಿತು. ತಪ್ಪಾಯಿತೆಂದು ಕೈಯಲ್ಲಿದ್ದ ಬಟ್ಟೆಯ ತುದಿಯಿಂದ ಮೇಲಿಂದ ಕೆಳಕ್ಕೆ ಒರೆಸಿದೆ. ಹಸಿ ನೀಲಿ ಎದ್ದುಹೋಗಿ ಅಡಿಯ ಹಳದಿ ಕಾಣಿಸಿತು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಬಾಗಿಲು ಒಂದು ಬೆರಳಿನಷ್ಟು ತೆರೆದಿತ್ತು. ಒಳಗೆ ಯಾರೋ ದೀಪ ಹಚ್ಚಿದ್ದರು.

ನಿಜ ಹೇಳುತ್ತೇನೆ, ನನಗೆ ಅಳು ಬಂತು. ಮದುವೆಯಲ್ಲೂ ಅಷ್ಟು ಅತ್ತಿರಲಿಲ್ಲ.

ಅಲ್ಲಿಂದ ನನ್ನ ತಲೆಗೆ ಹುಳ ಹೊಕ್ಕಿತು. ಎರಡನೆಯ ಸಲ ಜಾಣತನ ತೋರಿಸಲು ಹೋಗಿ ಬೆಳಕಿಗೆ ಬಿಳಿ ಬಣ್ಣ ಹಾಕಿದೆ. ಬಾಗಿಲಿಗೆ ಟೂತ್‌ಪೇಸ್ಟ್ ಮೆತ್ತಿದ ಹಾಗಾಯಿತು. ಆಮೇಲೊಮ್ಮೆ ಬಟ್ಟೆಗೆ ಟರ್ಪೆಂಟೈನ್ ಹೆಚ್ಚಾಗಿ ಬಾಗಿಲು ಕರಗಿ ಹೂವಿನ ಕುಂಡದೊಳಕ್ಕೆ ಇಳಿಯಿತು. ಹಾಳಾದದ್ದನ್ನೆಲ್ಲ ಮಂಚದ ಕೆಳಗೆ ತಳ್ಳಿದೆ. ನಿಧಾನಕ್ಕೆ ಕೈಗೆ ಹಿಡಿತ ಸಿಕ್ಕಿತು. ಬಟ್ಟೆಯನ್ನು ಬೆರಳಿಗೆ ಸುತ್ತಿ, ಉಸಿರು ಬಿಗಿಹಿಡಿದು, ಒಂದೇ ಎಳೆತ. ಕೈ ನಡುಗಿದರೆ ಬೆಳಕೂ ನಡುಗುತ್ತದೆ, ಅದೂ ಚೆನ್ನಾಗಿಯೇ ಕಾಣುತ್ತದೆ ಎಂಬುದು ಆಮೇಲೆ ತಿಳಿಯಿತು. ನೆರೆಮನೆಗೆ ಹೋದರೆ ಮಾತು ಬಿಟ್ಟು ಅವರ ಕೋಣೆಯ ಬಾಗಿಲಿನ ಸಂದಿಯನ್ನೇ ನೋಡುತ್ತ ನಿಲ್ಲುತ್ತಿದ್ದೆ. ನನಗೇನೋ ಆಗಿದೆ ಎಂದು ಆ ಹೆಂಗಸು ನಮ್ಮ ಮಗಳಿಗೆ ಫೋನು ಮಾಡಿ ಹೇಳಿದಳು.

ಇವರು ಮಾತ್ರ ಏನನ್ನೂ ಗಮನಿಸಲಿಲ್ಲ. ಮುಗಿದ ಬಾಗಿಲನ್ನು ಮುಂದಿಟ್ಟರೆ ಒಂದು ಕಣ್ಣು ಮೊಬೈಲಿನಲ್ಲೇ ಇಟ್ಟು, ಕೆಳಗಿನ ಮೂಲೆಯಲ್ಲಿ ಸರ್ರನೆ ಸಹಿ ಎಳೆದು ಆಚೆ ಸರಿಸುತ್ತಿದ್ದರು. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ, ಬಾಗಿಲಿದೆಯೋ ಇಲ್ಲವೋ ಯಾವುದರ ಪರಿವೆಯೂ ಇಲ್ಲ. ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಇವರು ಒಂದು ಸಲ, ಒಂದೇ ಒಂದು ಸಲ, ಅದರ ಮುಂದೆ ನಿಂತು ಕಣ್ಣುಬಿಟ್ಟು ನೋಡಬೇಕು. ಇದನ್ನು ಮಾಡಿದವಳು ನೀನು ಎಂದು ಬಾಯಿಬಿಟ್ಟು ಹೇಳಬೇಕು. ಬೈದು ಹೇಳಿದರೂ ಸರಿಯೇ.

ಭಾನುವಾರ ಬಂದ ಮಗಳು ಗೋಡೆಗೆ ಒರಗಿಸಿದ್ದ ಬಾಗಿಲುಗಳನ್ನು ನೋಡಿದ ಕೂಡಲೇ ಇದು ನನ್ನ ಕೈಯೆಂದು ಪತ್ತೆಹಚ್ಚಿದಳು. "ಅಮ್ಮ, ಅಪ್ಪಂಗೆ ಹೇಳು," ಎಂದು ಪೀಡಿಸಿದಳು.

"ಹೇಳಿದ ಮೇಲೆ ನೋಡೋದು ಒಂದು ನೋಡೋದೇನೇ?" ಅಂದೆ.

ಹಾಗೆಂದು ನಾನೇನು ಪಾಪದವಳಲ್ಲ. ಇವರು ಸೋತು ಮತ್ತೆ ಬಾಗಿಲಿಗೆ ಮರಳಿದರೆ ನನ್ನ ಬ್ರಷ್ಷಿಗೆ ಸಂಚಕಾರ. ಆದ್ದರಿಂದ ಇವರ ಹೊಸ ಕಲೆಯನ್ನು ನನ್ನಷ್ಟು ಹೊಗಳಿದವರು ಇನ್ನೊಬ್ಬರಿಲ್ಲ. ಸೌಟಿನಿಂದ ಎರಚಿದ ಕೆಂಪನ್ನು ನೋಡಿ ಇದರಲ್ಲಿ ಏನೋ ಒಂದು ನೋವಿದೆ ರೀ ಅಂದೆ. ಇವರು ಹಿಗ್ಗಿ ಹೀರೇಕಾಯಿಯಾದರು. ನೋವಿದ್ದದ್ದು ನಿಜವೇ, ಆ ನೆಲ ಉಜ್ಜುವವಳು ನಾನು.

ಅಂಗಡಿಯವರ ಕಣ್ಣು ವ್ಯಾಪಾರದ ಕಣ್ಣು, ಅದಕ್ಕೆ ತಪ್ಪಲಿಲ್ಲ. ಅಣ್ಣನವರು ಈ ವಯಸ್ಸಿನಲ್ಲಿ ಬಾಗಿಲು ತೆಗೆದುಬಿಟ್ಟರು ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು. ಊರಿನ ಚಿತ್ರಕಲಾ ಸಂಘಕ್ಕೂ ಸುದ್ದಿ ಮುಟ್ಟಿತು. ಕಾರ್ಯದರ್ಶಿಗಳು ಫೋನು ಮಾಡಿ, ಈ ವಯಸ್ಸಿನಲ್ಲಿ ಹೊಸ ಶೈಲಿ ಕಂಡುಕೊಂಡ ನಿಮ್ಮಿಂದ ಒಂದು ಪ್ರಾತ್ಯಕ್ಷಿಕೆ ಬೇಕು, ಎಲ್ಲರ ಮುಂದೆ ಒಂದು ಚಿತ್ರ ಬರೆದು ತೋರಿಸಬೇಕು ಎಂದು ಕೇಳಿಕೊಂಡರು. ಇವರಿಗೆ ಸ್ವರ್ಗ ಮೂರೇ ಗೇಣು. ನೋಡಿದೆಯಾ, ಕೊನೆಗೂ ನನ್ನ ಬೆಳವಣಿಗೆ ಊರಿಗೆಲ್ಲ ಗೊತ್ತಾಯಿತು ಅಂದರು. ಹೂಂ ಅಂದೆ. ಸ್ಪಂಜು, ಬಾಚಣಿಗೆ, ಸೌಟು, ಬಣ್ಣ ಎಲ್ಲ ಚೀಲಕ್ಕೆ ತುಂಬಿಕೊಂಡರು. ಚೀಲದ ತಳದಲ್ಲಿ ನಾನು ಬ್ರಷ್ಷನ್ನೂ ನೀಲಿ ಟ್ಯೂಬನ್ನೂ ಹಾಕಿದೆ. ಹಳದಿ ಬಳಿದ ಕ್ಯಾನ್ವಾಸನ್ನು ಮಗಳು ಹೊತ್ತುಕೊಂಡಳು.

ಸಭಾಂಗಣದ ಗೋಡೆಯ ಮೇಲೆ ನನ್ನ ಬಾಗಿಲುಗಳನ್ನು ಸಾಲಾಗಿ ತೂಗುಹಾಕಿದ್ದರು. ನಾನು ಮಗಳ ಜೊತೆ ಮುಂದಿನ ಸಾಲಿನಲ್ಲಿ ಕೂತೆ. ಇವರು ಗೋಡೆಯ ಕಡೆ ತಿರುಗಿಯೂ ನೋಡದೆ ವೇದಿಕೆಯ ಮೇಲೆ ಸೌಟುಗಳನ್ನು ಜೋಡಿಸಿಕೊಳ್ಳುತ್ತಿದ್ದರು. ಕಾರ್ಯದರ್ಶಿಗಳು ಮೈಕು ಹಿಡಿದು, ಇಷ್ಟು ವರ್ಷ ಮುಚ್ಚಿದ್ದ ಬಾಗಿಲನ್ನು ಬಾಗಿಲಣ್ಣನವರು ಈಗ ತೆರೆದಿದ್ದಾರೆ, ಆ ಸಂದಿಯಿಂದ ಬರುವ ಬೆಳಕೇ ಇವರ ಹೊಸ ಶೈಲಿ, ಅದನ್ನೇ ಇವತ್ತು ಬರೆದು ತೋರಿಸುತ್ತಾರೆ ಅಂದರು.

ಇವರ ಕೈ ಸೌಟಿನ ಮೇಲೆ ಹಾಗೇ ನಿಂತಿತು. ಮೆಲ್ಲಗೆ ಗೋಡೆಯ ಕಡೆ ತಿರುಗಿದರು. ಮೊದಲನೆಯ ಬಾಗಿಲು ನೋಡಿದರು, ಎರಡನೆಯದು ನೋಡಿದರು, ಕೊನೆಯವರೆಗೂ ನೋಡಿದರು. ಒಂದೊಂದರ ಮೂಲೆಯಲ್ಲೂ ತಮ್ಮದೇ ಸಹಿ. ಮುಖದ ಬಣ್ಣ ಇಳಿಯಿತು. ಆಮೇಲೆ ನನ್ನ ಕಡೆ ನೋಡಿದರು. ನಾನು ಕರವಸ್ತ್ರ ಮಡಿಸುತ್ತ ಕೂತೆ.

ಹಿಂದೆ ಸರಿಯುವ ಮನುಷ್ಯನಲ್ಲ ಇವರು. ಸೌಟುಗಳನ್ನು ಮೆಲ್ಲಗೆ ಚೀಲಕ್ಕೆ ಸೇರಿಸಿ, ಬ್ರಷ್ಷು ಮತ್ತು ನೀಲಿ ಟ್ಯೂಬು ಹುಡುಕಿ ತೆಗೆದು ಶುರುಮಾಡಿದರು. ಇಲ್ಲದ್ದು ಯಾಕೆ ಹೇಳಲಿ, ಆ ಕೈಯ ಓಟ ನೋಡಿ ನನಗೇ ಹೆಮ್ಮೆಯಾಯಿತು. ಒಣ ಬ್ರಷ್ಷಿನಲ್ಲಿ ಎಳೆದರೆ ಹಲಗೆಯ ನಾರು ನಾರೂ ಏಳುತ್ತದೆ. ಅದು ನನಗೆ ಇವತ್ತಿಗೂ ಬರುವುದಿಲ್ಲ. ನೋಡನೋಡುತ್ತ ಬಾಗಿಲು ಎದ್ದು ನಿಂತಿತು. ಮುಚ್ಚಿದ ಬಾಗಿಲು.

ಜನ ಕಾದರು. ಇವರು ಬಿಳಿ ಟ್ಯೂಬಿನ ಮುಚ್ಚಳ ತಿರುಗಿಸಿದಾಗ ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಟೂತ್‌ಪೇಸ್ಟ್ ಮೆತ್ತಿಯಾಗಿತ್ತು. ಕೆರೆದರು, ಮತ್ತೆ ಮೆತ್ತಿದರು, ಅದರ ಪಕ್ಕ ಕಪ್ಪು ಹಾಕಿ ನೋಡಿದರು. ಹಿಂದಿನ ಸಾಲುಗಳಲ್ಲಿ ಗುಸುಗುಸು ಎದ್ದಿತು. ಇವರ ಕತ್ತಿನ ಮೇಲೆ ಬೆವರು. ಮಗಳು ನನ್ನ ಕೈ ಅದುಮಿದಳು. ಒಳಗೊಳಗೇ ನನಗೆ ಸಂತೋಷವಾಗುತ್ತಿತ್ತು, ಅದೇ ಹೊತ್ತಿಗೆ ಎದ್ದು ಹೋಗಿ ಆ ಬೆವರು ಒರೆಸಬೇಕು ಅಂತಲೂ ಅನಿಸುತ್ತಿತ್ತು.

ಕೊನೆಗೆ ಇವರು ಗಂಟಲು ಸರಿಮಾಡಿಕೊಂಡು ಜನರ ಕಡೆ ತಿರುಗಿದರು.

"ಯಾಕೋ ಕಣ್ಣು ಮಂಜಾಗ್ತಿದೆ. ಉಳಿದಿರೋ ಚಿಕ್ಕ ಕೆಲಸಾನ ನಮ್ಮ ಮನೆಯವಳು ಮುಗಿಸ್ತಾಳೆ."

ಚಿಕ್ಕ ಕೆಲಸವಂತೆ. ಮೈಯೆಲ್ಲ ಉರಿದುಹೋಯಿತು. ಆದರೂ ಎದ್ದೆ. ಬಟ್ಟೆ ತಂದಿರಲಿಲ್ಲ, ಕರವಸ್ತ್ರವನ್ನೇ ಬೆರಳಿಗೆ ಸುತ್ತಿಕೊಂಡೆ. ಇವರು ಮೆತ್ತಿದ್ದ ಬಿಳಿ ಕಪ್ಪುಗಳನ್ನೆಲ್ಲ ಮೊದಲು ತೆಗೆದು, ಅಂಚಿಗೆ ನೀಲಿ ತುಂಬಿದೆ. ಆಮೇಲೆ ಉಸಿರು ಬಿಗಿಹಿಡಿದು ಒಂದೇ ಎಳೆತ. ಸಭೆಯಲ್ಲಿ ಯಾರೋ ಹಾ ಅಂದದ್ದು ಕೇಳಿಸಿತು. ಬ್ರಷ್ಷು ತೆಗೆದುಕೊಂಡು ಆ ಬೆಳಕಿನ ತುದಿಯನ್ನು ಕುಂಡದ ಅಂಚಿಗೂ ಒಂದಿಷ್ಟು ಮುಟ್ಟಿಸಿದೆ. ಇವರು ನನ್ನ ಭುಜದ ಹಿಂದೆಯೇ ನಿಂತಿದ್ದರು. ನೋಡುತ್ತಿದ್ದರು.

"ಇದನ್ನ ಯಾವಾಗ ಕಲಿತೆ?" ನನಗೆ ಮಾತ್ರ ಕೇಳುವ ಹಾಗೆ ಕೇಳಿದರು.

"ನೀವು ಬೆಳೀತಿದ್ರಲ್ಲ, ಆಗ."

ಚಪ್ಪಾಳೆ ಬಿತ್ತು. ಕಾರ್ಯದರ್ಶಿಗಳು ಮೈಕಿನಲ್ಲಿ, ಗುರು ಎಂದರೆ ಹೀಗಿರಬೇಕು, ಮನೆಯವರಿಗೂ ಎಷ್ಟು ಚೆನ್ನಾಗಿ ಕಲಿಸಿದ್ದಾರೆ ನೋಡಿ ಅಂದರು. ಇವರು ನಕ್ಕು ತಲೆಬಾಗಿದರು. ಕಣ್ಣಾರೆ ನೋಡಿಯೂ ತಲೆಬಾಗಿದರು. ಆಮೇಲೆ, ಎಂದಿನ ಅಭ್ಯಾಸದಂತೆ, ಸಹಿ ಹಾಕಲು ಬ್ರಷ್ಷಿಗೆ ಕೈ ಚಾಚಿದರು.

ನಾನು ಕೊಡಲಿಲ್ಲ. ಚಾಚಿದ ಕೈ ಚಾಚಿಕೊಂಡೇ ಇರಲಿ ಎಂದು ಬಿಟ್ಟು, ಬಗ್ಗಿ ಮೂಲೆಯಲ್ಲಿ ನನ್ನ ಹೆಸರು ಬರೆದೆ. ಬೆಳಕು ಎಳೆದ ಕೈಗೆ ಸಹಿ ಹಾಕಿ ಅಭ್ಯಾಸವಿರಲಿಲ್ಲ. ಮೊದಲನೆಯ ಅಕ್ಷರ ಇಷ್ಟು ದೊಡ್ಡದಾಗಿ, ಕೊನೆಯ ಅಕ್ಷರಕ್ಕೆ ಜಾಗವೇ ಸಾಲದೆ ಅಂಚಿಗೆ ಹತ್ತಿಕೊಂಡಿತು. ಇಡೀ ಚಿತ್ರದಲ್ಲಿ ಅತಿ ಕೆಟ್ಟದಾಗಿ ಬಂದದ್ದು ಅದೇ.

ಕಾರ್ಯದರ್ಶಿಗಳು ಕನ್ನಡಕ ಸರಿಮಾಡಿಕೊಂಡು ಅದನ್ನು ಓದಿದರು. ಬಾಗಿಲಣ್ಣನವರು ಚಿತ್ರಕ್ಕೆ ಮಡದಿಯ ಹೆಸರನ್ನೇ ಇಟ್ಟಿದ್ದಾರೆ ಎಂದು ಮೈಕಿನಲ್ಲಿ ಸಾರಿದರು. ಸಭೆಗೆ ಸಭೆಯೇ ಕರಗಿಹೋಯಿತು.

"ಅದು ಚಿತ್ರದ ಹೆಸರಲ್ಲ," ಅಂದರು ಇವರು. "ಬರೆದವಳ ಹೆಸರು."

ಎಂಥ ದೊಡ್ಡ ಮನಸ್ಸು ಎಂದು ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರನ್ನು ನೋಡಿ ಎಲ್ಲರೂ ಎದ್ದರು. ಇವರು ಕೈಯಾಡಿಸಿ ಬೇಡ ಬೇಡ ಅಂದಷ್ಟೂ ಚಪ್ಪಾಳೆ ಜೋರಾಯಿತು. ಇವರ ಮುಖ ಕೆಂಪಗಾಯಿತು. ಗೋಡೆಯ ಕಡೆಗೊಮ್ಮೆ ಕೈ ತೋರಿಸಿ, ನನ್ನ ಕಡೆಗೊಮ್ಮೆ ತೋರಿಸಿ, ಆ ಗದ್ದಲದ ನಡುವೆ ಅಂದರು:

"ಅವೂ ಇವಳವೇ. ಎಲ್ಲಾ ಇವಳೇ ಬರೆದಿದ್ದು. ನಾನು ನೋಡೇ ಇರ್ಲಿಲ್ಲ."

ಆ ಮಾತು ಬೇರೆ ಯಾರಿಗೂ ಕೇಳಿಸಲಿಲ್ಲ. ನನಗೆ ಕೇಳಿಸಿತು. ಆದರೂ ಕಾರ್ಯದರ್ಶಿಗಳ ಕೈಯಿಂದ ಮೈಕು ತೆಗೆದುಕೊಂಡು ಇವರ ಬಾಯಿಯ ಹತ್ತಿರ ಹಿಡಿದೆ.

"ಇನ್ನೊಂದು ಸಲ ಹೇಳಿ," ಅಂದೆ.