ಮುಂಗುಲಿಯ ಬಾಲವೂ ಅಮ್ಮಣ್ಣಿಯ ಮಾತೂ

ಮುಂಗುಲಿಗಳು, ಅಂದರೆ ಮುಂಗುಸಿಗಳು, ಮನುಷ್ಯರ ಮಾತು ಕೇಳುತ್ತಿದ್ದ ಕಾಲವೊಂದಿತ್ತು. ತೀರಾ ಹಿಂದಿನದೇನಲ್ಲ, ಆಗಲೇ ಪ್ಲಾಸ್ಟಿಕ್ ಕುರ್ಚಿಗಳು ಬಂದಿದ್ದವು. ಆ ಕಾಲದಲ್ಲಿ ಸಿದ್ಧಕಟ್ಟೆಯ ಬಳಿ ಅಮ್ಮಣ್ಣಿ ಎಂಬ ಹೆಂಗಸೊಬ್ಬಳಿದ್ದಳು. ಅವಳು ಬಾಯಿ ತೆರೆಯದೆ ಒಬ್ಬ ರಾಜಕುಮಾರನ ಮದುವೆಯೇ ಮುಂದೆ ಸಾಗುತ್ತಿರಲಿಲ್ಲ.

ರಾಜಕುಮಾರ ಎಂದರೆ 'ಮುಂಗುಲಿ ಮದಿಮಾಯೆ' ಎಂಬ ತುಳು ನಾಟಕದ ಮದುಮಗ. ಋಷಿಯೊಬ್ಬನ ಶಾಪದಿಂದ ಮುಂಗುಲಿಯಾದವನು. ಮೈಮೇಲೆ ಬಾಲ ಇರುವಾಗಲೇ ತಾಳಿ ಕಟ್ಟಿದರೆ ಮತ್ತೆ ಮನುಷ್ಯನಾಗುತ್ತಾನೆ, ಬಾಲ ಕಳೆದುಕೊಂಡರೆ ಜನ್ಮವಿಡೀ ಮುಂಗುಲಿಯೇ. ಮಾತಿಗಿಂತ ಹಾಡೇ ಹೆಚ್ಚಿದ್ದ ಆ ನಾಟಕದಲ್ಲಿ ಮುಂಗುಲಿಯ ಪಾತ್ರ ಚಿನ್ನಯ್ಯನದು. ಒಂದು ಸಲ ಮದುವೆಯ ಹಾಡಿಗೆ ಅವನು ಕುಣಿದ ರಭಸಕ್ಕೆ ಸೊಂಟದ ಬಾಲ ಮೇಲಕ್ಕೆ ಹಾರಿ ಅಂಗಿಯ ಬೆನ್ನಿನ ಗುಂಡಿಗೆ ಸಿಕ್ಕಿಕೊಂಡಿತು. ಸೊಂಟ ತಡವಿದರೆ ಬಾಲವಿಲ್ಲ! ಗಾಬರಿಯಲ್ಲಿ ಅವನು ನಾಟಕದಲ್ಲಿ ಇಲ್ಲದ ಮಾತನ್ನು ಸೀದಾ ಜನರ ಕಡೆ ತಿರುಗಿ ಕೇಳಿಬಿಟ್ಟ: "ಎನ್ನ ಬೀಲ ಓಲುಂಡು?"

ನನ್ನ ಬಾಲ ಎಲ್ಲುಂಟು ಎಂದು ಮದುಮಗನೇ ಕೇಳುವಾಗ ಹೇಳದೆ ಇರುವುದು ಹೇಗೆ? ಎದುರಿನ ಸಾಲಿನಲ್ಲಿದ್ದ ಅಮ್ಮಣ್ಣಿ ಎದ್ದು ನಿಂತಳು, ಸೆರಗು ಸರಿಮಾಡಿದಳು, ಗಂಟಲು ಸರಿಮಾಡಿದಳು. "ಬೆರಿಟೇ ಉಂಡತ್ತಾ, ಮಂಗ!" ಎಂದಳು. ಬೆನ್ನಿನ ಮೇಲೆಯೇ ಉಂಟಲ್ಲ ಎಂಬ ಆ ಮಾತಿಗಿಂತಲೂ, ಮುಂಗುಲಿಯನ್ನು ಮಂಗ ಎಂದದ್ದಕ್ಕೆ ಜನ ಕುರ್ಚಿಯಿಂದ ಜಾರಿದರು. ಮುಂದಿನ ಆಟದಲ್ಲಿ ಚಿನ್ನಯ್ಯ ತಾನೇ ಬಾಲವನ್ನು ಬೆನ್ನಿಗೆ ಸಿಕ್ಕಿಸಿಕೊಂಡು ಬಂದ. ಅಲ್ಲಿಂದ ಮೇಲೆ ಸುತ್ತಲಿನ ಊರುಗಳಲ್ಲಿ ಎಲ್ಲೇ ನಾಟಕವಿದ್ದರೂ ಅಮ್ಮಣ್ಣಿಗೆ ತಂಡದಿಂದ ರಿಕ್ಷಾ ಬರುವುದು ಕ್ರಮವಾಯಿತು. ಅವಳಿಗೆ ವಯಸ್ಸಾಯಿತು, ಎದ್ದು ನಿಲ್ಲುವುದು ನಿಧಾನವಾಯಿತು. ಮುಂಗುಲಿ ಮಾತ್ರ ಎಷ್ಟು ಹೊತ್ತಾದರೂ ಕಾಯುತ್ತಿತ್ತು.

ಹಾಗಿರುವಾಗ ನಾಟಕವು ಸಿನಿಮಾ ಆಯಿತು.

ಅಮ್ಮಣ್ಣಿಯ ಮೊಮ್ಮಗಳು ಸುರಕ್ಷಾಳೇ ಅಜ್ಜಿಯನ್ನು ಬಂಟ್ವಾಳದ ಟಾಕೀಸಿಗೆ ಕರೆದುಕೊಂಡು ಹೋದದ್ದು. ಸುರಕ್ಷಾ ಫೋಟೋ ಸ್ಟುಡಿಯೋ ಒಂದರಲ್ಲಿ ಮದುವೆ ಆಲ್ಬಮ್ ಮಾಡುವವಳು. ಯಾರೂ ಕೇಳದಿದ್ದರೂ ಮದುಮಕ್ಕಳ ಹಿಂದೆ ಒಂದು ಚಂದ್ರ, ಎರಡು ನವಿಲು ಸೇರಿಸಿ ಬೈಸಿಕೊಳ್ಳುವವಳು. ಅಜ್ಜಿಯ ಕತೆ ಕೇಳಿ ಬೆಳೆದರೆ ಹಾಗೆಯೇ, ಖಾಲಿ ಆಕಾಶ ಕಂಡರೆ ಕೈ ಸುಮ್ಮನಿರುವುದಿಲ್ಲ.

ಪರದೆಯ ಮೇಲಿನ ಮುಂಗುಲಿ ಕುಣಿಯಿತು. ಸೊಂಟ ತಡವಿತು. ಕಣ್ಣರಳಿಸಿ ಇಡೀ ಟಾಕೀಸನ್ನು ನೋಡಿ, "ಎನ್ನ ಬೀಲ ಓಲುಂಡು?" ಎಂದಿತು. ಅಮ್ಮಣ್ಣಿಗೆ ಅದು ಕರೆದ ಹಾಗೆಯೇ ಕೇಳಿಸಿತು. ಅವಳು ಎದ್ದಳು. ಸೆರಗು ಸರಿಮಾಡಿದಳು. ಗಂಟಲು ಸರಿಮಾಡುವಷ್ಟರಲ್ಲಿ ಮುಂಗುಲಿ ತಾನೇ ತಿರುಗಿ ನೋಡಿ, ಬಾಲ ಕಂಡು, ತಾಳಿ ಕಟ್ಟಿ, ಮನುಷ್ಯನಾಗಿ, ಮದುಮಗಳೊಟ್ಟಿಗೆ ಯಾವುದೋ ಹಿಮದ ಬೆಟ್ಟದ ಮೇಲೆ ಹಾಡುತ್ತಿತ್ತು.

"ಅಜ್ಜೀ, ಕೂತ್ಕೊಳ್ಳಿ, ಕಾಣುದಿಲ್ಲ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಹೊರಗೆ ಅಭಿಮಾನಿಗಳ ಜಗಳ ಆಗಲೇ ಶುರುವಾಗಿತ್ತು. ನಾಟಕದ ಕಡೆಯವನಾದ ಅಶೋಕ್ ಚಪ್ಪಲಿ ಕಳಚಿ ಅದರ ಮೇಲೆಯೇ ನಿಂತು ಮಾತಾಡುತ್ತಿದ್ದ. "ನಾಟಕದಲ್ಲಿ ಅರಮನೆಯ ಬಾಗಿಲು ಯಾವತ್ತೂ ಸಿಕ್ಕಿಕೊಳ್ತಿತ್ತು. ರಾಜ ಎರಡು ಸಲ ಒದ್ದೇ ಒಳಗೆ ಬರುದು. ಇಲ್ಲಿ ನೋಡಿದ್ರೆ ಬಾಗಿಲು ತನ್ನಷ್ಟಕ್ಕೇ ತೆರೀತದೆ! ಅದೆಂತ ಅರಮನೆಯಾ, ಮಾಲಾ?"

"ಅಶೋಕಣ್ಣ, ಮುಂಗುಲಿಯ ರೋಮ ನೋಡಿದ್ರಾ?" ಎಂದ ಸಿನಿಮಾದ ಕಡೆಯ ತರುಣ್. "ಒಂದೊಂದು ಕೂದಲೂ ಕಂಪ್ಯೂಟರಲ್ಲಿ ಮಾಡಿದ್ದು."

"ಚಿನ್ನಯ್ಯಣ್ಣನ ರೋಮ ಗೋಣಿ ಚೀಲದ್ದು ಮಾರಾಯ. ಅದು ತುರಿಸ್ತಿತ್ತು. ಅವರು ತುರಿಸಿಕೊಳ್ಳುದೇ ಒಂದು ಡ್ಯಾನ್ಸ್. ನಿನ್ನ ಕಂಪ್ಯೂಟರಿಗೆ ತುರಿಸ್ತದಾ ಹೇಳು?"

ಅಷ್ಟರಲ್ಲಿ ಯಾವುದೋ ಯೂಟ್ಯೂಬ್ ಚಾನೆಲ್ಲಿನ ಹುಡುಗಿ ಮೈಕನ್ನು ಅಮ್ಮಣ್ಣಿಯ ಮೂಗಿನ ಹತ್ತಿರ ಹಿಡಿದಳು. "ಅಜ್ಜಿ, ಸಿನಿಮಾ ಹೇಗುಂಟು?"

"ಅವನಿಗೆ ಕಿವಿ ಇಲ್ಲ," ಎಂದಳು ಅಮ್ಮಣ್ಣಿ. "ಕೇಳಿದವನು ಉತ್ತರಕ್ಕೆ ಕಾಯ್ಬೇಕು. ನಾನು ಬೆರಿಟೇ ಉಂಡತ್ತಾ ಮಂಗ ಅಂತ ಹೇಳ್ಲಿಕ್ಕೆ ನಿಂತ್ರೆ ಅವ ಹೋಗಿಯೇ ಆಯ್ತು!"

ಅದು ಅವಳ ಕೊನೆಯ ಮಾತು. ಸತ್ತಳು ಎಂದಲ್ಲ, ಮಾತು ಬಿಟ್ಟಳು ಎಂದು. ಮರುದಿನ ಮೀನಿನ ಸಾರಿಗೆ ಉಪ್ಪು ಹಾಕಲು ಸುರಕ್ಷಾ ಮರೆತಳು. ಅಜ್ಜಿ ಸುಮ್ಮನೆ ಉಂಡಳು. ಅದರ ಮರುದಿನ ಸುರಕ್ಷಾ ಬೇಕೆಂದೇ ಮರೆತಳು. ಆಗಲೂ ಅಜ್ಜಿ ಸುಮ್ಮನೆ ಉಂಡಳು. ಪಕ್ಕದ ಮನೆಯ ಸೇಸಮ್ಮ ಬಂದು ತನ್ನ ಸೊಸೆಯನ್ನು ಬಾಯಿತುಂಬಾ ಬೈದು, ನಡುವೆ ನಿಲ್ಲಿಸಿ, "ಎಂತ ಅಮ್ಮಣ್ಣಕ್ಕಾ, ನೀವು ಎಂತದೂ ಹೇಳುದಿಲ್ವಾ?" ಎಂದು ಕೇಳಿದರೆ, ಬರೀ "ಹೂಂ". ಸೇಸಮ್ಮನಿಗೆ ಬೈಯುವ ಉತ್ಸಾಹವೇ ಹೋಯಿತು.

"ಕತೆ ಹೇಳಿ ಅಜ್ಜಿ," ಎಂದು ಸುರಕ್ಷಾ ಗೋಗರೆದಳು. ಅಜ್ಜಿ ಗೋಡೆಯ ಕಡೆ ತಿರುಗಿದಳು. ಕೇಳಿದವರೇ ಕಾಯದ ಮೇಲೆ ಹೇಳಿ ಎಂತ ಮಾಡುದು ಎಂದು ಆ ಬೆನ್ನೇ ಹೇಳಿತು. ಮಾತಿಲ್ಲದ ಮನೆಯಲ್ಲಿ ಫ್ರಿಡ್ಜಿನ ಸದ್ದು ಇಷ್ಟು ದೊಡ್ಡದೆಂದು ಸುರಕ್ಷಾಳಿಗೆ ಅಂದೇ ಗೊತ್ತಾದದ್ದು. ತಡೆಯಲಾರದೆ ಬಾಯಿಬಿಟ್ಟಳು: "ಅಜ್ಜಿ, ಆ ಸಿನಿಮಾದ ಮುಂಗುಲಿ ನಿಮ್ಮ ಮಾತಿಗೆ ಕಾಯುವ ಹಾಗೆ ನಾನು ಮಾಡ್ತೇನೆ. ಮಾಡದಿದ್ರೆ ಕೇಳಿ."

ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು. ಕತೆಗಳಲ್ಲಿ ಹೀಗೆ ಮಾತು ಕೊಟ್ಟವರಿಗೆ ಗರುಡನೋ ಇರುವೆಗಳೋ ಸಹಾಯಕ್ಕೆ ಬರುತ್ತವೆ. ಅವಳಿಗಿದ್ದದ್ದು ಗೆಳತಿ ಮಿಸ್ರಿಯಾ ಮಾತ್ರ. ಸ್ಟುಡಿಯೋದ ಪಕ್ಕದಲ್ಲೇ ಮಿಸ್ರಿಯಾಳ ಬಟ್ಟೆಯಂಗಡಿ.

"ಸುಲಭ ಮಾರಾಯ್ತಿ," ಎಂದಳು ಮಿಸ್ರಿಯಾ. "ಅಜ್ಜಿಯನ್ನು ಮೊದಲೇ ಎಬ್ಬಿಸಿ ನಿಲ್ಲಿಸು. ಸೆರಗು, ಗಂಟಲು ಎಲ್ಲ ರೆಡಿ ಮಾಡಿಸು. ಅವ ಕೇಳಿದ ಕೂಡಲೇ ಇವರು ಹೇಳುದು. ಸಿನಿಮಾ ಬೆಳ್ತಂಗಡಿಗೂ ಬಂದಿದೆ, ಭಾನುವಾರ ಹೋಗುವ."

ಭಾನುವಾರದ ಮ್ಯಾಟಿನಿಗೆ ಮೂವರೂ ಬೆಳ್ತಂಗಡಿಗೆ ಹೋದರು. ಮುಂಗುಲಿ ಕುಣಿಯಲು ಶುರುಮಾಡಿದಾಗಲೇ ಅಜ್ಜಿಯನ್ನು ಎಬ್ಬಿಸಿ, ಎರಡೂ ಕಡೆಯಿಂದ ಹಿಡಿದು ನಿಲ್ಲಿಸಿದರು. ಸೆರಗು ಆಯಿತು, ಗಂಟಲು ಆಯಿತು. ಆದರೆ ಯೂಟ್ಯೂಬಿನ ವಿಡಿಯೋವನ್ನು ಅಷ್ಟರಲ್ಲಿ ಊರೆಲ್ಲ ನೋಡಿಯಾಗಿತ್ತೆಂದು ಇವರಿಗೇನು ಗೊತ್ತು? ಮುಂಗುಲಿ ಬಾಯಿ ತೆರೆದದ್ದೇ ತಡ, ಇಡೀ ಟಾಕೀಸು ಒಂದೇ ಗಂಟಲಿನಲ್ಲಿ ಬೊಬ್ಬೆ ಹೊಡೆಯಿತು: "ಬೆರಿಟೇ ಉಂಡತ್ತಾ, ಮಂಗ!" ಶಿಳ್ಳೆ, ಚಪ್ಪಾಳೆ, ಹಾರಿದ ಪಾಪ್‌ಕಾರ್ನ್. ಬಾಯಿ ತೆರೆದು ನಿಂತಿದ್ದ ಅಮ್ಮಣ್ಣಿಯ ತಲೆಯ ಮೇಲೆಯೇ ಒಂದಿಷ್ಟು ಬಿತ್ತು. ಒಬ್ಬ ಬಂದು ಅವಳೊಟ್ಟಿಗೆ ಸೆಲ್ಫಿ ಬೇರೆ ತೆಗೆದ. ಮುಂಗುಲಿ ಯಾರಿಗೂ ಕಾಯದೆ ಹಿಮದ ಬೆಟ್ಟಕ್ಕೆ ಹೋಯಿತು.

ಬರುವಾಗ ಬಸ್ಸಿನಲ್ಲಿ ಸುರಕ್ಷಾ ಏನೋ ಕೇಳಿದಳು. ಈ ಸಲ "ಹೂಂ" ಕೂಡ ಇಲ್ಲ.

ಪುಂಜಾಲಕಟ್ಟೆಯಲ್ಲಿ ಇಳಿದರು. ಬಸ್ಸು ಬದಲಿಸಬೇಕಿತ್ತು, ಜೊತೆಗೆ ಅಲ್ಲಿ ಹಳೆಯ ಮುಂಗುಲಿ ಇತ್ತು. ನಾಟಕ ಬಿಟ್ಟ ಚಿನ್ನಯ್ಯ ಈಗ ರಸ್ತೆ ಬದಿಯಲ್ಲಿ ಕಬ್ಬಿನ ಹಾಲಿನ ಗಾಣ ಇಟ್ಟಿದ್ದಾನೆ. ಅಮ್ಮಣ್ಣಿಯನ್ನು ಕಂಡದ್ದೇ ಅವನು ಕಬ್ಬು ಕೆಳಗಿಟ್ಟು, "ಅಮ್ಮಣ್ಣಕ್ಕಾ, ನಾನು ಕೂಡ ನೋಡಿದೆ. ಅವ ಬಾಲ ಎಲ್ಲುಂಟು ಕೇಳುವಾಗ ನಾನು ಸೀಟಿನಲ್ಲಿ ಕೂತು ನನ್ನ ಬೆನ್ನು ಮುಟ್ಟಿ ನೋಡಿದೆ. ಪಕ್ಕದವರು ತಿಗಣೆ ಅಂತ ಎದ್ದು ಹೋದರು!" ಎಂದ. ಅಮ್ಮಣ್ಣಿಯ ಮುಖದಲ್ಲಿ ಒಂದು ಗೆರೆ ಅಲುಗಿತು, ಅಷ್ಟೇ.

ಸುರಕ್ಷಾ ಅವನನ್ನು ಬದಿಗೆ ಕರೆದಳು. "ಚಿನ್ನಯ್ಯಣ್ಣ, ನೀವು ಹೇಗೆ ಅಷ್ಟು ಹೊತ್ತು ಕಾಯ್ತಿದ್ರಿ?"

"ನಾನೆಲ್ಲಿ ಕಾಯುದು? ಕಾಯುವವ ಹಾರ್ಮೋನಿಯಮ್ಮಿನವ. ಅಜ್ಜಿ ಎದ್ದದ್ದು ಕಂಡ ಕೂಡಲೇ ಅವ ಒಂದೇ ಸ್ವರ ಹಿಡಿದು ಎಳೆಯುದು. ಸ್ವರ ಬಿಡುವವರೆಗೆ ನಾವು ಯಾರೂ ಅಲ್ಲಾಡ್ಲಿಕ್ಕಿಲ್ಲ. ಋಷಿ ಮಾಡಿದವನಿಗೆ ಒಂದು ಸಲ ಒಂಟಿ ಕಾಲಿನಲ್ಲಿ ನಿಂತು ಬಾವು ಬಂದಿತ್ತು, ಗೊತ್ತುಂಟಾ?"

ಸುರಕ್ಷಾ ಕಬ್ಬಿನ ಹಾಲು ಕುಡಿಯುವುದನ್ನು ಮರೆತು ನಿಂತಳು. ಹಾಗಾದರೆ ಮುಂಗುಲಿಯನ್ನು ಒಪ್ಪಿಸುವುದೇ ಬೇಡ! ಟಾಕೀಸಿನ ಹಾರ್ಮೋನಿಯಮ್ಮಿನವನನ್ನು ಹಿಡಿದರೆ ಸಾಕು. "ಮಿಸ್ರಿಯಾ, ಟಾಕೀಸಿನಲ್ಲಿ ಸಿನಿಮಾ ಓಡಿಸುದು ಯಾರು?"

"ಮೂಡಬಿದ್ರೆಯಲ್ಲಾದ್ರೆ ನಮ್ಮ ಯಾಕೂಬ್ ಮಾಮ," ಎಂದಳು ಮಿಸ್ರಿಯಾ. ಹೇಳಿದ ಮೇಲೆ ಅವಳ ಕಣ್ಣೂ ದೊಡ್ಡದಾಯಿತು.

ಮೂಡಬಿದ್ರೆಯ ಟಾಕೀಸಿನಲ್ಲಿ ಯಾಕೂಬ್ ಮಾಮ ಪ್ರೊಜೆಕ್ಟರ್ ಕ್ಯಾಬಿನ್ನಿನ ಬಾಗಿಲಲ್ಲಿ ಸ್ಟೂಲು ಹಾಕಿ ಕುಳಿತಿದ್ದರು. ವಿಷಯ ಕೇಳಿ ಎರಡೂ ಕೈ ಅಲ್ಲಾಡಿಸಿದರು. "ಆಗ್ಲಿಕ್ಕಿಲ್ಲ. ಸಿನಿಮಾ ಅಂದ್ರೆ ಬಸ್ಸಾ, ಕೈ ತೋರಿಸಿದಲ್ಲಿ ನಿಲ್ಲಿಸ್ಲಿಕ್ಕೆ?"

"ಮಾಮ, ನಿಲ್ಲಿಸ್ಲಿಕ್ಕೆ ಬರುದಿಲ್ವಾ ನಿಮಗೆ?" ಎಂದಳು ಮಿಸ್ರಿಯಾ, ಬಹಳ ಕನಿಕರದಿಂದ.

"ಬರುದಿಲ್ವಾ? ನನಗಾ? ರೀಲಿನ ಕಾಲದಲ್ಲಿ ಫಿಲ್ಮ್ ತುಂಡಾದ್ರೆ ಜನ ಎರಡನೇ ಶಿಳ್ಳೆ ಹಾಕುವ ಮೊದಲು ಅಂಟಿಸ್ತಿದ್ದೆ ನಾನು! ಈಗ ಒಂದು ಬಟನ್ ಒತ್ತುದು, ಹೊರಗೆ ಬಂದು ನೊಣ ಹೊಡೆಯುದು." ಅವರು ಸ್ವಲ್ಪ ಹೊತ್ತು ಬಟನ್ನಿನ ಕಡೆ ನೋಡಿದರು. ಅವರ ಮುಖ ನಿಧಾನವಾಗಿ ಪ್ರಾಯಕ್ಕೆ ಬಂತು. "ಮ್ಯಾನೇಜರಿಗೆ ನಾನು ಹೇಳ್ತೇನೆ. ಆದ್ರೆ ಒಂದು ಮಾತು. ನಿಂತಾಗ ಜನ ಬೊಬ್ಬೆ ಹೊಡೆದ್ರೆ ನಾನು ಆ ಕ್ಷಣ ಬಟನ್ ಬಿಟ್ಟುಬಿಡ್ತೇನೆ. ಮುಂಗುಲಿಯನ್ನು ನಿಲ್ಲಿಸುದು ನನ್ನ ಕೆಲಸ. ಜನರ ಬಾಯಿ ನಿಲ್ಲಿಸುದು ನಿಮ್ಮ ಕೆಲಸ."

ಮುಂದಿನ ಭಾನುವಾರ ಮೂಡಬಿದ್ರೆಯ ಟಾಕೀಸು ತುಂಬಿತ್ತು. ಅರ್ಧ ಜನ ಬಂದದ್ದೇ ಕೂಗಲಿಕ್ಕೆ. ಇಂಟರ್ವಲ್ಲಿನಲ್ಲಿ ಸುರಕ್ಷಾ ಪರದೆಯ ಎದುರು ಹೋಗಿ ನಿಂತಳು. ನಿಂತ ಮೇಲೆ ಹೇಳಬೇಕೆಂದುಕೊಂಡದ್ದೆಲ್ಲ ಹಾರಿಹೋಯಿತು. ಉಳಿದದ್ದು ಅಜ್ಜಿಯಿಂದ ಬಂದ ದಾರಿಯೊಂದೇ.

"ಒಂದು ಊರಲ್ಲಿ ಒಂದು ಮುಂಗುಲಿ ಇತ್ತಂತೆ," ಎಂದು ಶುರುಮಾಡಿದಳು.

"ಹೋ, ಗೊತ್ತುಂಟು! ಅರ್ಧ ಸಿನಿಮಾ ನೋಡಿಯೇ ಆಯ್ತಲ್ಲ!" ಎಂದಿತು ಹಿಂದಿನ ಸಾಲು.

"ಇದು ಬೇರೆ ಮುಂಗುಲಿ. ಇದಕ್ಕೆ ಒಂದು ರೋಗ. ಎಲ್ಲರೂ ಒಟ್ಟಿಗೆ ಮಾತಾಡಿದ್ರೆ ಎಂತದೂ ಕೇಳುದಿಲ್ಲ. ರಾಜ ಬೊಬ್ಬೆ ಹೊಡೆದ, ಸೈನ್ಯ ಬೊಬ್ಬೆ ಹೊಡೆಯಿತು, ಕೇಳಲಿಲ್ಲ. ಆ ಊರಲ್ಲಿ ಒಬ್ಬರ ಮಾತು ಮಾತ್ರ ಅದಕ್ಕೆ ಕೇಳುದು. ಬಾಕಿಯವರು ಉಸಿರು ಕೂಡ ಗಟ್ಟಿ ಬಿಡಬಾರದು, ಬಿಟ್ಟರೆ ಮುಂಗುಲಿ ಜನ್ಮವಿಡೀ ಮುಂಗುಲಿಯೇ."

"ಆ ಒಬ್ಬರು ಯಾರು?" ಎಂದು ಮುಂದಿನ ಸಾಲಿನಿಂದ ಒಂದು ಮಗುವಿನ ದನಿ ಬಂತು.

ಸುರಕ್ಷಾ ಕೈ ತೋರಿಸಿದಳು. ತಲೆಗಳೆಲ್ಲ ತಿರುಗಿದವು. "ಅರೆ, ವಿಡಿಯೋದ ಅಜ್ಜಿ!" ಎಂಬ ಗುಸುಗುಸು ಸಾಲಿನಿಂದ ಸಾಲಿಗೆ ಹೋಯಿತು. ದೀಪ ಆರಿತು.

ಮದುವೆಯ ಹಾಡು ಬಂತು. ಮುಂಗುಲಿ ಕುಣಿಯಿತು, ತಡವಿತು, ಕಣ್ಣರಳಿಸಿತು. "ಎನ್ನ ಬೀಲ ಓಲುಂಡು?"

ಮೇಲೆ ಕ್ಯಾಬಿನ್ನಿನಲ್ಲಿ ಯಾಕೂಬ್ ಮಾಮ ಬಟನ್ ಒತ್ತಿ ಹಿಡಿದರು. ಬಾಯಿ ಅರ್ಧ ತೆರೆದುಕೊಂಡು, ಒಂದು ಕೈ ಸೊಂಟದಲ್ಲಿಟ್ಟು, ಮುಂಗುಲಿ ನಿಂತೇಬಿಟ್ಟಿತು. ಇಡೀ ಟಾಕೀಸಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಸುರಕ್ಷಾ ಅಜ್ಜಿಯ ಕಡೆ ನೋಡಿದಳು.

ಅಮ್ಮಣ್ಣಿಯ ಕೆನ್ನೆಗಳೆರಡೂ ಉಬ್ಬಿದ್ದವು. ಅಜ್ಜಿ ಪ್ರಸಿದ್ಧಳೆಂದು ತಿಳಿದ ಪಕ್ಕದ ಸೀಟಿನವರು ಮರ್ಯಾದೆಗೆ ಬಿಸಿ ಗೋಳಿಬಜೆಯ ಪೊಟ್ಟಣ ಕೊಟ್ಟಿದ್ದರು. ಅವಳು ಒಂದನ್ನು ಇಡಿಯಾಗಿ ಬಾಯಿಗೆ ಹಾಕಿಯಾಗಿತ್ತು.

"ಅಜ್ಜೀ, ನುಂಗಿ!" ಎಂದು ಸುರಕ್ಷಾ ಪಿಸುಗುಟ್ಟಿದಳು.

ಅಮ್ಮಣ್ಣಿ ಕೈಯೆತ್ತಿ ತಡೆದಳು. ಅವಸರ ಮಾಡುವುದು ಅವಳ ಕ್ರಮವಲ್ಲ. ಅವಳು ಜಗಿದಳು. ಜನ ಕಾದರು. ಕೆಮ್ಮು ಬಂದವನೊಬ್ಬ ಬಾಯಿಗೆ ಶಾಲು ತುರುಕಿಕೊಂಡು ಕೆಂಪಾದ. ಎಲ್ಲಿಂದಲೋ ನೀರಿನ ಬಾಟಲಿಯೊಂದು ಕೈಯಿಂದ ಕೈಗೆ ದಾಟಿ ಅವಳ ಮಡಿಲಿಗೆ ಬಂತು. ಮುಂಗುಲಿ ಅಲುಗದೆ ಅವಳನ್ನೇ ನೋಡುತ್ತಿತ್ತು. ಅಮ್ಮಣ್ಣಿ ನೀರು ಕುಡಿದಳು, ಎದ್ದಳು. ಸೆರಗು ಸರಿಮಾಡಿದಳು. ಗಂಟಲು ಸರಿಮಾಡಿದಳು. ಒಮ್ಮೆ ಸುತ್ತಲೂ ನೋಡಿದಳು. ಯಾರಾದರೂ ಬಾಯಿ ತೆರೆದರೆ ಗೋಳಿಬಜೆಯಲ್ಲೇ ಹೊಡೆಯುವ ಹಾಗೆ.

"ಬೆರಿಟೇ ಉಂಡತ್ತಾ, ಮಂಗ!"

ಯಾಕೂಬ್ ಮಾಮ ಬಟನ್ ಬಿಟ್ಟರು. ಮುಂಗುಲಿ ತಿರುಗಿ ತನ್ನ ಬೆನ್ನು ನೋಡಿಕೊಂಡಿತು.