ಮಹಾಂತಪ್ಪನ ನಾಲಿಗೆ

"ಏನೂ ಇಲ್ಲವ್ವಾ," ಎಂದ ಮಹಾಂತಪ್ಪ, ನಾಲಿಗೆಯ ಮೇಲಿನ ಕಾಗದದ ಚೂರನ್ನು ಎರಡು ಬೆರಳಿನಿಂದ ತೆಗೆಯುತ್ತ. "ಚಲೋ ಐತಿ."

"ಚಲೋ ಅಂದ್ರ? ಕಹಿ ಹತ್ತಲಿಲ್ಲೇನ್ರಿ ಅಪ್ಪಾ?"

"ಇಲ್ಲ ಬಿಡು."

ಶಿವಾನಿ ಅಪ್ಪನ ಮುಖವನ್ನೇ ನೋಡುತ್ತ ನಿಂತಳು. ಅವ್ವ ಶೈಲಶ್ರೀ ಅಡುಗೆಮನೆಯಲ್ಲಿ ಆಗಲೇ ಅಂಥದೊಂದು ಚೂರು ಜಗಿದು, "ಬರೇ ಕಾಗದ ಐತಲ್ಲ. ಕಾಲೇಜಿನ್ಯಾಗ ಇದನ್ನ ತಿನ್ನಾಕ ಕಲಿಸ್ತಾರೇನು?" ಎಂದು ನಕ್ಕು ಮುಗಿಸಿದ್ದಳು. ಈಗ ಅಪ್ಪನೂ ಇಲ್ಲವೆಂದ. ಹುಡುಗಿಯ ಎದೆ ಧಸಕ್ಕೆಂದಿತು.

ಕಾರಣವಿತ್ತು. ಬೈಲಹೊಂಗಲದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ಅವಳಿಗೆ ನಿನ್ನೆ ಸುಚೇತಾ ಮೇಡಮ್ ಇದೇ ಕಾಗದ ಕೊಟ್ಟಿದ್ದರು. ನಾಲಿಗೆಗೆ ತಾಗಿದ್ದೇ ತಡ, ಬೇವಿನೆಲೆ ಅರೆದು ಬಾಯಿಗೆ ತುರುಕಿದಂತಾಗಿ ಅವಳು ನಳದ ಕಡೆ ಓಡಿದ್ದಳು. ಪಕ್ಕದ ಸ್ನೇಹಲ್ ಮಾತ್ರ ಪುಟಾಣಿ ಕಡಲೆ ತಿನ್ನುವವಳ ಹಾಗೆ ಆರಾಮಾಗಿ ಜಗಿಯುತ್ತಿದ್ದಳು. ಮೇಡಮ್ ಬಿಡಿಸಿ ಹೇಳಿದರು: ಕಾಗದಕ್ಕೆ ಹಚ್ಚಿದ್ದು ಪಿಟಿಸಿ ಎಂಬ ರಾಸಾಯನಿಕ. ಕಹಿಯನ್ನು ಗುರುತಿಸಲೆಂದೇ ನಾಲಿಗೆಯ ಜೀವಕೋಶಗಳಲ್ಲಿ ಗ್ರಾಹಕಗಳಿವೆ. ಪುಟ್ಟ ಗೂಡುಗಳು ಅಂದುಕೊಳ್ಳಿ. ಹೊಂದುವ ಅಣು ಬಂದು ಗೂಡಿನಲ್ಲಿ ಕುಳಿತರೆ ಗೂಡು ತುಸು ಅಲುಗುತ್ತದೆ, ಒಳಗೆ ಸುದ್ದಿ ಏಳುತ್ತದೆ, ನರದ ಗುಂಟ ಮಿದುಳಿಗೆ ಹೋಗಿ 'ಕಹಿ, ಉಗುಳು' ಎನ್ನುತ್ತದೆ. ಕೆಲವರಿಗೆ ಹುಟ್ಟಾ ಆ ಗೂಡಿನ ಆಕಾರವೇ ಬೇರೆ. ಅಣು ಕೂಡ್ರುವುದಿಲ್ಲ, ಸುದ್ದಿಯೂ ಇಲ್ಲ. ಗೂಡು ಕಟ್ಟುವ ಜೀನು ಅಪ್ಪನಿಂದ ಒಂದು, ಅವ್ವನಿಂದ ಒಂದು ಬರುತ್ತದೆ.

"ತಂದೆ ತಾಯಿ ಇಬ್ಬರಿಗೂ ಗೊತ್ತಾಗದಿದ್ದರೆ ಮಕ್ಕಳಿಗೂ ಬಹುತೇಕ ಗೊತ್ತಾಗೂದಿಲ್ಲ. ಮನ್ಯಾಗ ನೋಡಿಕೊಂಡು ಬರ್ರಿ," ಎಂದು ಮೇಡಮ್ ಎಲ್ಲರಿಗೂ ಒಂದಿಷ್ಟು ಕಾಗದದ ಪಟ್ಟಿ ಕೊಟ್ಟಿದ್ದರು. ಹೋಲಿಸಿ ನೋಡಲು ಏನೂ ಹಚ್ಚದ ಪಟ್ಟಿಗಳನ್ನೂ ಕೊಟ್ಟಿದ್ದರು. ಅವರು ಹೇಳಿದ ಆ 'ಬಹುತೇಕ' ಶಿವಾನಿಯ ಕಿವಿಗೆ ಬಿದ್ದಿರಲೇ ಇಲ್ಲ.

ಸಣ್ಣವಳಿದ್ದಾಗ ಸೀತವ್ವತ್ತೆ ಮುರಗೋಡದಿಂದ ಬಂದಾಗಲೆಲ್ಲ ಗಲ್ಲ ಹಿಂಡಿ, "ಇದನ್ನ ನಾವು ತವಡ ಕೊಟ್ಟು ತಗೊಂಡೇವಿ" ಅನ್ನುತ್ತಿದ್ದಳು, ಹೆತ್ತದ್ದಲ್ಲ, ತೌಡಿಗೆ ಕೊಂಡದ್ದು ಎಂದು. ಯಾವ ಮನೆಯ ಕೂಸು ಈ ಮಾತು ಕೇಳಿಲ್ಲ ಹೇಳಿ! ಕೇಳಿ ಅತ್ತು, ಬೆಲ್ಲದ ಚೂರು ತಿಂದು ಮರೆತುಬಿಡುತ್ತವೆ. ಶಿವಾನಿಯೂ ಮರೆತಿದ್ದಳು. ಆದರೆ ಈ ಭಾನುವಾರದ ಮಧ್ಯಾಹ್ನ ಆ ಮಾತು ಎಲ್ಲಿತ್ತೋ ಏನೋ, ಎದ್ದು ಬಂತು.

"ಉಣ್ಣಾಕ ಬಾರವಾ, ರೊಟ್ಟಿ ಆರಾಕತ್ತಾವು," ಎಂದು ಅವ್ವ ಕರೆದಳು. ಶಿವಾನಿ ಹಿತ್ತಲ ಬಾಗಿಲಲ್ಲಿ ಕೂತವಳು ಅಲುಗಲಿಲ್ಲ. ಅವ್ವ ಬಂದು ಹಣೆ ಮುಟ್ಟಿ ನೋಡಿದಳು. ಹಿಂದೆಯೇ ಅಪ್ಪ, ಅಂಗಡಿಯ ಅಂಗಿಯನ್ನೂ ಬಿಚ್ಚದೆ, ಬಂದು ನಿಂತ.

"ಜ್ವರಾ ಏನಿಲ್ಲಲ್ಲ. ಯಾಕ, ಏನಾತು?" ಎಂದಳು ಅವ್ವ.

"ನನ್ನ ಖರೇನ ತವಡ ಕೊಟ್ಟು ತಂದೀರೇನು?"

ಶೈಲಶ್ರೀ ಪಕ್ಕನೆ ನಕ್ಕಳು. ಮಗಳು ನಗಲಿಲ್ಲ. ಮೇಡಮ್ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಗೂಡು, ಅಣು, ಅಪ್ಪನದೊಂದು, ಅವ್ವನದೊಂದು. "ನಿಮಗಿಬ್ಬರಿಗೂ ಕಹಿ ಗೊತ್ತಾಗಲಿಲ್ಲ. ಹಂಗಾರ ನಾ ನಿಮ್ಮ ಮಗಳು ಅಲ್ಲ."

"ಹುಚ್ಚೀ! ಒಂಬತ್ತು ತಿಂಗಳು ಹೊತ್ತಾಕಿ ನಾನು. ಹೆರಿಗಿ ಆಗೂಮುಂದ ನಿನ್ನ ಸೀತವ್ವತ್ತಿನ ನನ್ನ ಕೈ ಹಿಡದು ನಿಂತಿದ್ಲು, ಹೋಗಿ ಕೇಳು!"

ಹಾಗೆಂದವಳು ಅಲ್ಲಿಗೇ ನಿಂತಳು. ಹೆತ್ತವಳು ಇವಳೇ ಎಂದಮೇಲೆ ಆ ಲೆಕ್ಕ ಇನ್ನೆಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದು ತಾಯಿಗೂ ಮಗಳಿಗೂ ಒಟ್ಟಿಗೇ ಹೊಳೆದಿತ್ತು. ಶೈಲಶ್ರೀಯ ಮುಖ ಕೆಂಪಗಾಯಿತು. ಅಯ್ಯೋ, ಇದೆಂಥ ಮಾತು ಆಡಿಬಿಟ್ಟೆ ಎಂದು ಶಿವಾನಿಗೆ ನಾಚಿಕೆಯಿಂದ ಸತ್ತೇಹೋದಂತಾಯಿತು. ಆಡಿದ್ದನ್ನು ಹಿಂದೆ ತಗೊಳ್ಳುವುದು ಹೇಗೆಂದೂ ತಿಳಿಯಲಿಲ್ಲ.

ಮಹಾಂತಪ್ಪ ಕೆಮ್ಮಿದ.

"ಕಹಿ ಇತ್ತು," ಎಂದ. "ಖಬರ ಹಾರೂವಷ್ಟು ಕಹಿ ಇತ್ತು."

"ಮತ್ತ ಚಲೋ ಐತಿ ಅಂದ್ರೆಲ್ಲ!"

"ನೀನಾಗಿ ಪ್ರೀತಿಲೆ ಬಾಯಾಗ ಇಟ್ಟೀ. ಅದಕ್ಕ ಹೆಂಗ ಹೆಸರ ಇಡ್ಲೆವಾ?"

ಈ ಮನುಷ್ಯ ಹೀಗೆಯೇ. ಚಿಕ್ಕಂದಿನಲ್ಲಿ ಮಠದಲ್ಲಿದ್ದು ಸಾಲಿ ಕಲಿತವನು. ತಾಟಿಗೆ ಬಿದ್ದದ್ದೆಲ್ಲ ಪ್ರಸಾದ, ಪ್ರಸಾದಕ್ಕೆ ಹೆಸರಿಡಬಾರದು, ಕೊಂಕು ತೆಗೆಯಬಾರದು ಎಂದು ಅಲ್ಲಿಯ ಸ್ವಾಮಿಗಳಾದ ಅಜ್ಜಾರು ಹೇಳಿದ್ದನ್ನು ಗಂಟು ಹಾಕಿಕೊಂಡು ಬಂದಿದ್ದ. ಉಪ್ಪಿಲ್ಲದ ಸಾರಿಗೂ ಚಲೋ ಐತಿ, ಹೊತ್ತಿದ ಅನ್ನಕ್ಕೂ ಚಲೋ ಐತಿ. ಬೀಗರ ಮನೆಯ ಹುಳಿತ ಶ್ರೀಖಂಡವನ್ನು ಉಳಿದವರೆಲ್ಲ ಸರಿಸಿಟ್ಟಾಗ ಇವನೊಬ್ಬ ಬಟ್ಟಲು ಖಾಲಿ ಮಾಡಿ ಎರಡು ದಿನ ಹಾಸಿಗೆ ಹಿಡಿದಿದ್ದ. ಕಾಗದವೂ ಆ ಪ್ರಸಾದದ ಸಾಲಿಗೆ ಸೇರುತ್ತದೆಂದು ಮಗಳಿಗೆ ಹೊಳೆಯಬೇಕಾದರೂ ಹೇಗೆ?

ಹೊಳೆದರೂ ಅವಳಿಗೆ ನಂಬಿಕೆ ಬರಲಿಲ್ಲ. ಅವ್ವನ ಮಾನ ಕಾಯಲೆಂದು ಅಪ್ಪ ಈಗ ಸುಳ್ಳು ಹೇಳುತ್ತಿರಬಹುದಲ್ಲ! ಅವಳು ತಲೆ ತಗ್ಗಿಸಿ, "ಹೌದ್ರಿ ಅಪ್ಪಾ" ಎಂದಳು. ಆ ದನಿ ಕೇಳಿಯೇ ಶೈಲಶ್ರೀಗೆ ತಿಳಿಯಿತು.

"ಇಕಿ ನಂಬಿಲ್ಲ," ಎಂದಳು ಗಂಡನಿಗೆ. ಮಗಳತ್ತ ತಿರುಗಿ, "ಆ ಕಾಗದ ಇನ್ನೂ ಅದಾವೇನು? ಹಚ್ಚಿದ್ದೊಂದು, ಹಚ್ಚಲಾರದ್ದೊಂದು ಕೊಡು. ನೀವು ಕಣ್ಣು ಮುಚ್ರಿ. ಇವತ್ತೊಂದಿನ ಅಜ್ಜಾರನ್ನ ಬದಿಗಿಟ್ಟು ಖರೇ ಹೇಳ್ರಿ."

ಮಹಾಂತಪ್ಪ ಕಟ್ಟೆಯ ಮೇಲೆ ಕುಳಿತು ಕಣ್ಣು ಮುಚ್ಚಿ ಬಾಯಿ ತೆರೆದ, ದವಾಖಾನೆಯಲ್ಲಿ ಕುಳಿತವನ ಹಾಗೆ. ಶೈಲಶ್ರೀ ತಾನೇ ಆರಿಸಿ ಒಂದು ಚೂರು ಇಟ್ಟಳು.

"ಇದು ಬರೇ ಕಾಗದ," ಎಂದ ಅವನು.

ಇನ್ನೊಂದು ಇಟ್ಟಳು. ಅವನ ಎಡಗಡೆಯ ಹುಬ್ಬು ಮೇಲೆ ಹೋಯಿತು, ಮೂಗು ಮುದುಡಿತು, ಕುತ್ತಿಗೆಯ ನರ ಸೆಟೆದವು. "ಥೂ ಥೂ ಥೂ!" ಎನ್ನುತ್ತ ಬಚ್ಚಲಿಗೆ ಓಡಿದ. ಆ ಮನೆಯಲ್ಲಿ ಅವನ ಬಾಯಿಂದ ಥೂ ಎಂಬ ಶಬ್ದ ಬಂದದ್ದು ಅದೇ ಮೊದಲು. ಶಿವಾನಿ ನಗುತ್ತ ನಗುತ್ತ ಅತ್ತುಬಿಟ್ಟಳು. ಬಚ್ಚಲ ಬಾಗಿಲಿಗೇ ಹೋಗಿ ಚರಿಗೆಯಲ್ಲಿ ನೀರು ಹಿಡಿದು ನಿಂತಳು. ಆಗಿನಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದು, ಹೊಟ್ಟೆ ಹಸಿದದ್ದು ಈಗ ಗೊತ್ತಾಯಿತು. ಅವ್ವನಿಗೂ ಉಸಿರು ಬಂದಿತ್ತು. ಆದರೆ ಅವಳು ಗಂಡನನ್ನು ದುರುಗುಟ್ಟಿ ನೋಡುತ್ತಿದ್ದಳು.

"ಈ ಮಾರಿ ನಾ ನೋಡೇನಿ," ಎಂದಳು. "ಕೋಬಿ ಪಲ್ಯಾ ಉಣ್ಣೂಮುಂದ ಹಿಂಗ ಮಾಡ್ತೀರಿ. ತಲಿ ಬಗ್ಗಿಸಿ ಉಣ್ತೀರಿ, ಪೂರಾ ಕಾಣಂಗಿಲ್ಲ."

ಮಹಾಂತಪ್ಪ ಮತ್ತೊಮ್ಮೆ ಬಾಯಿ ಮುಕ್ಕಳಿಸತೊಡಗಿದ.

"ಕೋಬ್ಯಾಗೂ ಇಂಥಾದ ಅಣು ಇರ್ತಾವವ್ವಾ," ಎಂದಳು ಶಿವಾನಿ. "ನಿನ್ನ ಗೂಡಿನ್ಯಾಗ ಕೂಡಂಗಿಲ್ಲ, ಅದಕ್ಕ ನಿನಗ ಗೊತ್ತಾಗಂಗಿಲ್ಲ. ನಾ ಒಲ್ಲೆ ಅಂದ್ರ ಸೊಕ್ಕು ಅಂತಿದ್ದೆಲ್ಲ!"

"ಲಗ್ನ ಆದ ಹೊಸದಾಗಿ ಮಾಡಿದಾಗ ಚಲೋ ಐತಿ ಅಂದ್ರಿ. ಇವರಿಗೆ ಸೇರತೈತಿ ಅಂತ ವಾರ ವಾರ ಮಾಡಕೋತ ಬಂದೇನಲ್ಲರೀ! ಒಮ್ಮಿಯರ ಬಾಯಿ ಬಿಡಬಾರದ?"

ಶೈಲಶ್ರೀಗೆ ನಗು ಬರುತ್ತಿತ್ತೋ ಅಳು ಬರುತ್ತಿತ್ತೋ, ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು. ಇವತ್ತಿನದೂ ಅದೇ ಕೋಬಿ, ಎಲೆಕೋಸಿನ ಪಲ್ಯ. ಪಾತ್ರೆಯನ್ನು ಎತ್ತಿ, "ಬಾಗಲದಾಗ ಆಕಳ ಬಂದಿದ್ರ ಹಾಕಿ ಬರತೇನಿ, ನಿಮಗ ಚಟ್ನಿಪುಡಿ ಮೊಸರು ಕೊಡತೇನಿ," ಎಂದು ಹೊರಟಳು.

"ಏ, ಬ್ಯಾಡ. ಹಾಕು ಇಲ್ಲೆ," ಎಂದು ಮಹಾಂತಪ್ಪ ನೆಲಕ್ಕೆ ಕುಳಿತು ತಾಟು ಮುಂದೆ ಮಾಡಿದ.

ಅವನ ಪಕ್ಕದಲ್ಲೇ ಶಿವಾನಿಯೂ ಕೂತಳು. "ನನಗೂ ಹಾಕವ್ವಾ. ಜಾಸ್ತಿ ಹಾಕು."

ಇಬ್ಬರೂ ರೊಟ್ಟಿ ಮುರಿದು, ಪಲ್ಯ ಸುತ್ತಿ, ಬಾಯಿಗಿಟ್ಟರು. ಇಬ್ಬರ ಎಡ ಹುಬ್ಬೂ ಒಂದೇ ಸಲ ಮೇಲೆ ಹೋಯಿತು, ಎರಡೂ ಮೂಗು ಮುದುಡಿದವು. ಶೈಲಶ್ರೀ ಸೌಟು ಕೈಯಲ್ಲಿ ಹಿಡಿದು ಅವರ ಎದುರೇ ಕೂತಳು, ಇನ್ನೊಂದು ತುತ್ತು ತಿನ್ನುವುದನ್ನೂ ನೋಡೋಣವೆಂದು.